ದಿಂಬಿನ ಹೊಟ್ಟೆಯೊಳಗಿನ ಗಂಟು

“ಕೈ ತೆಗೀರಿ ಮೊದ್ಲ,” ಎಂದಳು ಹೇಮಾವತಿ.

ಅವನು ತೆಗೆದ. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಮಂಚದ ಮೇಲೆ ಹರವಿದ್ದ ಹಾಲುಬಣ್ಣದ ಬಟ್ಟೆಯ ಅಂಚಿನಲ್ಲಿ ಒಂದು ಕೆಂಪು ಕೈ ಮೂಡಿತ್ತು, ಐದೂ ಬೆರಳು ಬಿಡಿಸಿಕೊಂಡು, ಹೆಬ್ಬೆರಳು ಸ್ವಲ್ಪ ಓರೆಯಾಗಿ.

ಅವನು ತನ್ನ ಕೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಂಡ. ಆಮೇಲೆ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟ. ಗಣಿಯಲ್ಲಿ ಮನೆಯಷ್ಟೆತ್ತರದ ಡಂಪರ್ ಓಡಿಸುವ ಆಳು, ಪಾಠ ಒಪ್ಪಿಸಲು ಬಾರದ ಹುಡುಗನ ಹಾಗೆ ನಿಂತುಬಿಟ್ಟಿದ್ದ.

“ತಪ್ಪಾತ್ರಿ. ಶಿಫ್ಟ್ ಮುಗಿಸ್ಕೊಂಡು ಸೀದಾ ಬಂದೆ. ಕೈ ತೊಳ್ಕೊಂಡೇ ಬಂದಿದ್ದೆ.”

“ತೊಳ್ಕೊಂಡ ಕೈ ಹಿಂಗಿದ್ರ, ತೊಳೀದ ಕೈ ಹೆಂಗಿರ್ತಾವ?”

ಅವನು ತಲೆ ತಗ್ಗಿಸಿದ. ಕಿವಿಯ ತುದಿ ಕೆಂಪಾದದ್ದು ಅದಿರಿನ ಧೂಳಿನಿಂದಲ್ಲ ಎಂದು ಅವಳಿಗೆ ಗೊತ್ತಾಯಿತು. ಬೈದದ್ದು ಹೆಚ್ಚಾಯಿತೇನೋ ಅನ್ನಿಸಿತು. ಹೇಳಿಕೇಳಿ ಬಟ್ಟೆ ಅವನದೇ.

ಹೆಸರು ಯಲ್ಲೇಶ್. ದೋಣಿಮಲೈಯಲ್ಲಿ ಹೊಸದಾಗಿ ಕ್ವಾರ್ಟರ್ಸ್ ಸಿಕ್ಕಿತ್ತು, ಕಂಪ್ಲಿ ಕಡೆಯ ಹಳ್ಳಿಯಿಂದ ಅವ್ವನನ್ನು ಕರೆಸಿಕೊಳ್ಳುವವನಿದ್ದ. ಹೊಸಪೇಟೆ ಬಜಾರಿನಲ್ಲಿ ತಾನೇ ಆರಿಸಿ ಕೊಂಡ ಬಟ್ಟೆಯನ್ನು ಸಂಡೂರಿನ ಈ ಓಣಿಯ ಟೇಲರ್ ಮನೆಗೆ ತಂದು, ಕಿಟಕಿ ಎಷ್ಟಗಲ ಎಂದು ತೋರಿಸಲು ಬಾಗಿದಾಗಲೇ ಕೈ ಊರಿದ್ದು.

“ಎಲ್ಲಾ ಕಿಟಕಿಗೂ ಪರದೆ ಆಗ್ಬೇಕ್ರಿ. ಉಳಿದದ್ರಾಗ ನಾಕು ಕುಷನ್.”

“ಈ ಬಣ್ಣದಾಗ?”

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಿರಿನ ಲಾರಿಗಳು ಹಗಲಿಡೀ ಹೊಸಪೇಟೆ ರಸ್ತೆ ಹಿಡಿದು ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳವು. ಬೇವಿನ ಎಲೆ ಕೆಂಪು, ಮನೆಯ ಗೋಡೆ ಕೆಂಪು, ಮೂಗಿಗೆ ಕಟ್ಟಿಕೊಂಡ ಕರ್ಚೀಫೂ ಕೆಂಪು. ಊರಲ್ಲಿ ಕಾಸು ಓಡಾಡಿ ಮನೆಮನೆಗೆ ಸೋಫಾ ಬಂದಿತ್ತು, ಸೋಫಾದ ಬೆನ್ನಿಗೇ ಪರದೆ ಮತ್ತು ಕುಷನ್ನಿನ ಹುಚ್ಚೂ ಬಂದಿತ್ತು. ಆದರೆ ಕೇಳುವವರೆಲ್ಲ ಕೇಳುತ್ತಿದ್ದದ್ದು ಮರೂನ್, ಇಲ್ಲವೇ ಕಾಫಿ ಬಣ್ಣ. ಧೂಳು ಕೂತರೂ ಕಾಣಬಾರದು ಎಂಬುದೊಂದೇ ಅವರ ಆಸೆ.

“ದಿನಪೂರ್ತಿ ಕೆಂಪು ನೋಡ್ತೀನ್ರಿ,” ಎಂದ ಯಲ್ಲೇಶ್. “ಮನಿಗೆ ಬಂದಾಗಾದ್ರೂ ಕಣ್ಣಿಗೆ ಬ್ಯಾರೆ ಏನಾದ್ರೂ ಕಾಣ್ಲಿ ಅಂತ.”

“ವಾರಕ್ಕೊಮ್ಮೆ ಒಗೀಬೇಕಾಗ್ತೈತಿ.”

“ಒಗೀತೀನ್ರಿ. ನನಗ ಬರ್ತೈತಿ ಒಗ್ಯಾಕ.”

ಪರದೆ ತಾನೇ ಒಗೆಯುತ್ತೇನೆ ಎಂದ ಗಂಡಸನ್ನು ಹೇಮಾವತಿ ನೋಡಿದ್ದು ಅದೇ ಮೊದಲು. ಅಳತೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಕಲೆ ಆದ ಅಂಚು ಕತ್ತರಿಸಿ ಬಿಸಾಕ್ತೀನಿ. ಅಗಲ ಸಾಕಾಗ್ತೈತಿ, ಚಿಂತಿ ಬ್ಯಾಡ.”

ಕತ್ತರಿಸಿದಳು. ಬಿಸಾಡಲಿಲ್ಲ. ಆ ಕೈಯನ್ನು ಬೆರಳುಗಳ ಗೆರೆ ಮುರಿಯದ ಹಾಗೆ ಮಡಚಿ ಮಿಷನ್ನಿನ ಡ್ರಾಯರಿನಲ್ಲಿಟ್ಟಳು. ಯಾಕೆ ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಧೈರ್ಯ ಅವಳಿಗಾಗಲಿಲ್ಲ.

*

ಹೇಮಾವತಿ ಅಳತೆ ತಪ್ಪುವ ಟೇಲರ್ ಅಲ್ಲ. ಆದರೂ ಯಲ್ಲೇಶನ ಪರದೆಗಳಲ್ಲಿ ಮಾತ್ರ ಏನಾದರೊಂದು ತಪ್ಪು ಕಾಣಿಸುತ್ತಲೇ ಇತ್ತು. ಒಮ್ಮೆ ಉದ್ದವಾಗಿದೆ ಎಂದು ತಂದ. ಮಡಚಿ ಹೊಲಿದು ಕೊಟ್ಟರೆ, ಗಿಡ್ಡವಾಯಿತೆಂದು ಮತ್ತೆ ತಂದ.

“ನಿಮ್ಮ ಮನ್ಯಾಗ ಕಿಟಕಿ ಬೆಳೀತೈತೇನ್ರಿ?” ಎಂದು ಅವಳು ಕಣ್ಣೆತ್ತದೆ ಕೇಳಿದಳು.

“ಗೋಡಿ ಹೊಸಾದು ನೋಡ್ರಿ. ಇನ್ನಾ ಎಳೇದೈತಿ.”

ಬಾಗಿಲ ಬಳಿ ಕೌದಿ ಹೊಲಿಯುತ್ತಿದ್ದ ಅಜ್ಜಿ ಜಂಬವ್ವ ಕೆಮ್ಮಿದಂತೆ ಮಾಡಿ ನಗು ನುಂಗಿದಳು. ಆ ಮನೆಯಲ್ಲಿದ್ದವರು ಅವರಿಬ್ಬರೇ. ಹೇಮಾವತಿಯನ್ನು ಕೇಳಿಕೊಂಡು ಗಂಡಿನವರು ಬಂದದ್ದುಂಟು. ಅಜ್ಜಿಯನ್ನೂ ಜೊತೆಗೆ ಕರೆತರುತ್ತೇನೆ ಎಂದು ಅವಳು ಹೇಳಿದ ಮೇಲೆ ಚಹಾ ಕುಡಿದು ಎದ್ದು ಹೋದದ್ದೂ ಉಂಟು. ಈಗ ಬರುವವರೂ ನಿಂತಿದ್ದರು, ಕಾಯುವುದನ್ನು ಅವಳೂ ಬಿಟ್ಟಿದ್ದಳು. ಬಿಟ್ಟಿದ್ದೇನೆ ಎಂದುಕೊಂಡಿದ್ದಳು.

ಯಲ್ಲೇಶ್ ಈಗ ಬರುವಾಗ ಕೈಯನ್ನು ಎಷ್ಟು ಉಜ್ಜಿಕೊಂಡು ಬರುತ್ತಿದ್ದನೆಂದರೆ ಚರ್ಮ ಸುಲಿದಂತಿರುತ್ತಿತ್ತು. ಆದರೂ ಉಗುರಿನ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಜಂಬವ್ವ ಚಹಾ ಕೊಟ್ಟರೆ ಲೋಟವನ್ನು ಕರ್ಚೀಫಿನಲ್ಲಿ ಹಿಡಿಯುತ್ತಿದ್ದ. ಕುಂದ್ರಿ ಎಂದರೆ ಮಂಚ ಬಿಟ್ಟು ಹೊಸ್ತಿಲ ಮೇಲೆ ಕೂರುತ್ತಿದ್ದ.

ಒಮ್ಮೆ ನೆರಿಗೆ ಕೂರಿಸಲು ಪರದೆಯ ಆ ತುದಿ ಹಿಡಿಯಲು ಹೇಳಿದಳು. ಅವನು ಎರಡೇ ಬೆರಳ ತುದಿಯಲ್ಲಿ, ಚಿಟ್ಟೆ ಹಿಡಿದಂತೆ ಹಿಡಿದ.

“ಬಿಗಿಯಾಗಿ ಹಿಡೀರಿ.”

“ಕಲೆ ಆಗ್ತೈತ್ರಿ.”

“ಕೈ ತೊಳದೀರಲ್ಲ.”

“ಆದ್ರೂ…”

ಬಟ್ಟೆಯ ಈ ತುದಿಯಿಂದ ಅವಳು ನೋಡಿದಳು. ಅವನು ಆ ತುದಿಯಿಂದ ನೋಡಿದ, ತಕ್ಷಣ ಬಟ್ಟೆಯನ್ನು ನೋಡಿದ. ಕಲೆಯಾದರೆ ಆಗಲಿ ಬಿಡಿ ಎಂದು ಹೇಳಬೇಕೆನ್ನಿಸಿತು ಹೇಮಾವತಿಗೆ. ಗುಂಡುಸೂಜಿಯನ್ನು ಬಟ್ಟೆಗೆ ಚುಚ್ಚುವ ಬದಲು ಬೆರಳಿಗೆ ಚುಚ್ಚಿಕೊಂಡಳು.

*

ಕೌದಿಯ ಕೊನೆಯ ಮೂಲೆ ಹೊಲಿಯುವ ಮುಂಚೆ ಜಂಬವ್ವ ಒಂದು ಹಿಡಿ ಜೋಳ ಒಳಗೆ ಹಾಕುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಬಿಡಬಾರದು, ಬಿಟ್ಟರೆ ಹೊದ್ದುಕೊಂಡವರಿಗೆ ಕನಸಿನಲ್ಲೂ ಹಸಿವು ಎಂಬುದು ಅವಳ ನಂಬಿಕೆ. ಅಜ್ಜಿಯ ಕೈಯಲ್ಲಿ ಕೆಲಸ ಕಲಿತ ಹೇಮಾವತಿಗೂ ಅದೇ ರೂಢಿ ಬಿದ್ದಿತ್ತು. ಗಿರಾಕಿಗಳ ಸೋಫಾದ ಕುಷನ್ನಿಗೂ ಅರಳೆಯ ನಡುವೆ ನಾಲ್ಕು ಕಾಳು ಸೇರಿಸಿಯೇ ಬಾಯಿ ಮುಚ್ಚುತ್ತಿದ್ದಳು. ಯಾರಿಗೂ ಹೇಳುತ್ತಿರಲಿಲ್ಲ. ಸೋಫಾದವರು ನಗುತ್ತಾರೆ ಎಂಬ ಸಂಕೋಚ.

ಹೊಸ ಗಂಡಹೆಂಡಿರ ಕೌದಿಗೆ ಮಾತ್ರ ಬೇರೆ ಕ್ರಮವಿತ್ತು. ಗಂಡನ ಬಟ್ಟೆಯ ಒಂದು ತುಂಡಿನಲ್ಲಿ ಜೋಳ ಇಟ್ಟು, ಹೆಂಡತಿಯ ಸೀರೆಯ ಅಂಚಿನಿಂದ ಗಂಟು ಕಟ್ಟಿ ಒಳಗಿಡಬೇಕು. ಕೌದಿಗೆ ಇಬ್ಬರ ಗುರುತೂ ಸಿಗಬೇಕು ಎನ್ನುತ್ತಿದ್ದಳು ಜಂಬವ್ವ.

ಯಲ್ಲೇಶನ ನಾಲ್ಕನೆಯ ಕುಷನ್ನಿನ ಬಾಯಿ ಮುಚ್ಚುವ ಮಧ್ಯಾಹ್ನ ಅಜ್ಜಿ ಮಲಗಿದ್ದಳು. ಹೇಮಾವತಿ ಬಾಬಿನ್ ತೆಗೆಯಲೆಂದು ಡ್ರಾಯರ್ ಎಳೆದಳು, ಕೆಂಪು ಕೈ ಕಂಡಿತು. ಆಮೇಲೆ ಮಾಡಿದ್ದನ್ನೆಲ್ಲ ಅವಳು ಯಾರೋ ಬೇರೆಯವಳು ಮಾಡುವುದನ್ನು ನೋಡುವಂತೆ ನೋಡುತ್ತಾ ಮಾಡಿದಳು. ತನ್ನ ಹಳೇ ಗಿಳಿಹಸಿರು ಸೀರೆಯ ಅಂಚು ಹರಿದಳು. ಆ ಕೈಯ ನಡುವೆ ಒಂದು ಹಿಡಿ ಜೋಳ ಇಟ್ಟಳು, ಗಂಟು ಕಟ್ಟಿದಳು, ಅರಳೆಯೊಳಗೆ ಹುದುಗಿಸಿ ಯಾರಿಗೂ ಕಾಣದಷ್ಟು ಸಣ್ಣ ಹೊಲಿಗೆ ಹಾಕಿದಳು.

ಹಲ್ಲಿನಿಂದ ದಾರ ಕಡಿದಾಗ ಮೈಮೇಲೆ ಎಚ್ಚರ ಬಂತು. ಕೇಳದವನ ಮನೆಗೆ ತಾನಾಗಿ ಹೋಗಿ ಕೂತಂತಾಯಿತಲ್ಲ ಎಂದು ನಾಚಿಕೆಯಾಯಿತು. ಬಿಚ್ಚಿಬಿಡೋಣ ಎಂದು ಕತ್ತರಿ ತೆಗೆದುಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಅವನ ಚಪ್ಪಲಿ ಸದ್ದು.

“ಆದ್ವೇನ್ರಿ?”

“ಹೂಂ,” ಎಂದುಬಿಟ್ಟಳು.

ಅವನು ನಾಲ್ಕನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೊರಗಿನ ಧೂಳು ತಾಗದಂತೆ ಬಾಯಿ ಕಟ್ಟಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಸ್ಟಾಫ್ ಬಸ್ಸಿನ ಕಡೆ ನಡೆದ. ಹೋಗುವ ಮುಂಚೆ ಏನೋ ಹೇಳಲು ನಿಂತು, ಚೀಲದ ಬಾಯಿಯ ಗಂಟನ್ನೇ ಇನ್ನೊಮ್ಮೆ ಬಿಗಿದಿದ್ದ.

*

ಕೆಲವು ವಾರಗಳ ಮೇಲೆ ಸಂತೆ ಚೀಲ ಹಿಡಿದ ಹೆಂಗಸೊಬ್ಬಳು ಮನೆಗೆ ಬಂದಳು. ಅಗಲ ಕುಂಕುಮ, ಮೊಣಕೈವರೆಗೆ ಹಚ್ಚೆ.

“ನೀನೇನವ್ವಾ ನನ ಮಗನ ಪರದೆ ಹೊಲ್ದಾಕಿ? ನಾನು ಎರ್ರೆಮ್ಮ, ಯಲ್ಲೇಶನ ಅವ್ವ. ಭಾಳ ಚೆಂದ ಹೊಲ್ದೀ. ಅಕ್ಕಪಕ್ಕದೋರು ಬಂದು ಬಂದು ನೋಡ್ತಾರ. ಅವನರ ಹೋದ ವಾರ ಒಗ್ಯಾಕ ಕುಂತಿದ್ದ, ನಾನು ಬೈದು ಎಬ್ಬಿಸಿದೆ.”

ಹೇಮಾವತಿ ಖುಷಿಯಿಂದ ನೀರು ತಂದಳು. ಎರ್ರೆಮ್ಮ ಕುಡಿದು ಲೋಟ ಕೆಳಗಿಟ್ಟಳು.

“ಭಾನುವಾರ ಕಂಪ್ಲಿಯಿಂದ ಮನಿ ನೋಡಾಕ ಬರ್ತಾರವ್ವಾ, ಹುಡುಗಿ ಕಡೆಯೋರು. ಇವ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಪರದೆ ನೋಡೇ ಒಪ್ಪಿಬಿಡ್ತಾರ ಬಿಡು.”

ಹೇಮಾವತಿ ನಕ್ಕಳು. ನಗಲೇಬೇಕಿತ್ತು. ಎರ್ರೆಮ್ಮ ಹೋದ ಮೇಲೆ ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣೇ ಕಾಣಲಿಲ್ಲ.

ದುಃಖವನ್ನಾದರೂ ಹೇಗೋ ತಡೆದುಕೊಂಡಳು. ನಾಚಿಕೆಯನ್ನು ತಡೆಯಲಾಗಲಿಲ್ಲ. ಮದುವೆಯಾಗಿ ಬರುವ ಹುಡುಗಿ ಆ ಕುಷನ್ನಿಗೆ ಒರಗಿ ಕೂರುತ್ತಾಳೆ. ಅದರೊಳಗೆ ಇನ್ನೊಬ್ಬಳ ಸೀರೆಯ ಅಂಚು, ಅವಳ ಗಂಡನ ಕೈಯನ್ನು ಸುತ್ತಿಕೊಂಡು ಕೂತಿರುತ್ತದೆ. ಇದು ಕಳ್ಳತನವಲ್ಲದೆ ಇನ್ನೇನು ಎಂದು ಹೇಮಾವತಿ ತನ್ನನ್ನು ತಾನೇ ಬೈದುಕೊಂಡಳು. ಅವರು ಬರುವುದರೊಳಗೆ ಆ ಗಂಟನ್ನು ಹೊರಗೆ ತರಲೇಬೇಕಿತ್ತು.

*

ಭಾನುವಾರ ಮೊದಲ ಬಸ್ಸಿಗೇ ಹೋಗಬೇಕೆಂದಿದ್ದಳು. ಲಾರಿಗಳ ಸಾಲಿಗೆ ಸಿಕ್ಕಿ ಬಸ್ಸು ತಡವಾಯಿತು. ದೋಣಿಮಲೈಯಲ್ಲಿ ಇಳಿದು ಕೇಳುತ್ತಾ ಹೋದರೆ ಯಾರೂ ಮನೆ ನಂಬರ್ ಹೇಳಲಿಲ್ಲ, “ಬಿಳಿ ಪರದೆ ಮನಿ” ಎಂದು ಕೈ ತೋರಿಸಿದರು. ಎಷ್ಟು ಒಗೆದರೂ ಹೋಗದ ಧೂಳಿಗೆ ಪರದೆಯ ಕೆಳ ಅಂಚು ನಸುಗೆಂಪಾಗಿತ್ತು.

ಬಾಗಿಲಲ್ಲಿ ಹೊಸ ಚಪ್ಪಲಿಗಳಿದ್ದವು. ಕಂಪ್ಲಿಯವರು ಆಗಲೇ ಬಂದು ಕೂತಿದ್ದರು. ಹುಡುಗಿಯ ಅಪ್ಪ ಹನುಮಣ್ಣ, ಅವನ ತಂಗಿ, ಜೊತೆಗೆ ಉಪಚಾರಕ್ಕೆಂದು ಬಂದಿದ್ದ ಪಕ್ಕದ ಮನೆಯ ದುರ್ಗಕ್ಕ. ಯಲ್ಲೇಶ್ ಗೋಡೆಗೆ ಒರಗಿ ನಿಂತಿದ್ದ. ಹೇಮಾವತಿಯನ್ನು ಕಂಡು ನೆಟ್ಟಗಾದ.

“ಬಾರವ್ವಾ ಬಾ,” ಎಂದಳು ಎರ್ರೆಮ್ಮ. “ಪರದೆ ಹೊಲ್ದಾಕಿ ಈಕಿನ ನೋಡ್ರಿ.”

“ಒಂದು ಕುಷನ್ ಹೊಲಿಗಿ ತಪ್ಪಿತ್ರಿ,” ಎಂದಳು ಹೇಮಾವತಿ. ತನ್ನ ದನಿ ತನಗೇ ಸುಳ್ಳು ಅನ್ನಿಸಿತು. “ತಗೊಂಡ್ಹೋಗಿ ಸರಿ ಮಾಡಿ ಕೊಡ್ತೀನಿ.”

“ಈಗೇನು ಅವಸರ? ಕುಂದ್ರು, ಚಾ ಕುಡಿ.”

“ಇಲ್ರಿ, ಜಲ್ದಿ ಹೋಗ್ಬೇಕು.”

ತನ್ನ ಹೊಲಿಗೆ ತನಗೆ ಗೊತ್ತಿರುವುದಿಲ್ಲವೇ. ಬೇಕಾದ ಕುಷನ್ ಹನುಮಣ್ಣನ ತಂಗಿಯ ಬೆನ್ನಿಗಿತ್ತು. ಹೇಮಾವತಿ ಸಂಕೋಚದಿಂದಲೇ ಕೇಳಿ ಮೂಲೆ ಹಿಡಿದು ಎಳೆದಳು. ಆ ಮೂಲೆಯನ್ನು ಯಾವಾಗಲೋ ಇಲಿ ಕಡಿದಿತ್ತು, ಜೋಳದ ವಾಸನೆಗೆ. ಅವಳು ಎಳೆದ ರಭಸಕ್ಕೆ ಬಟ್ಟೆ ಪರ್ರೆಂದಿತು. ಅರಳೆ ಬಿತ್ತು, ಅದರ ಬೆನ್ನಿಗೇ ಹಸಿರು ಅಂಚಿನ ಗಂಟು ನಡುಮನೆಯಲ್ಲಿ ಉರುಳಿತು.

ದುರ್ಗಕ್ಕ ಬಗ್ಗಿ ಗಂಟನ್ನು ಬಿಚ್ಚಿದಳು, ಜೋಳ ಚೆಲ್ಲಿತು. ಹಾಲುಬಣ್ಣದ ಮೇಲೆ ಕೆಂಪು ಕೈ ಅಗಲವಾಗಿ ತೆರೆದುಕೊಂಡಿತು.

“ಅಯ್ಯ ಶಿವನ, ಮಾಟ ಇದು,” ಎಂದು ಪಿಸುಗುಟ್ಟಿದಳು. “ಕಾಳು, ಕೆಂಪು ಕೈ, ಗಂಟು. ಹುಡುಗಗ ಮಾಟ ಮಾಡ್ಸ್ಯಾಳ ಈಕಿ.”

ಹನುಮಣ್ಣನ ತಂಗಿ ಕಾಲು ಮೇಲೆತ್ತಿಕೊಂಡಳು. ಎರ್ರೆಮ್ಮನ ಮುಖದಿಂದ ನಗು ಇಳಿಯಿತು. “ಏನವ್ವಾ ಇದು? ಯಾರ ಕೈ ಇದು?”

ಜೋಳ ಅಜ್ಜಿಯ ಪದ್ಧತಿ ಎಂದು ಹೇಮಾವತಿ ಹೇಳಿದಳು. ಅದು ಹೇಳಲು ಬಂತು. ಕೈಯದು ಹೇಳಲು ಬರಲಿಲ್ಲ. ಮಾಟಗಾತಿ ಎನ್ನಿಸಿಕೊಂಡರೆ ಹೊಲಿಗೆ ಕೆಲಸ ಹೋಗುತ್ತದೆ, ನಿಜ ಹೇಳಿದರೆ ಮಾನ ಹೋಗುತ್ತದೆ. ನೆಲ ನೋಡುತ್ತಾ ನಿಂತಳು.

ಯಲ್ಲೇಶ್ ಮುಂದೆ ಬಂದು ದುರ್ಗಕ್ಕನ ಕೈಯಲ್ಲಿದ್ದ ಬಟ್ಟೆಯ ಮೇಲೆ ತನ್ನ ಕೈ ಇಟ್ಟ. ಓರೆ ಹೆಬ್ಬೆರಳ ಸಮೇತ ಸರಿಯಾಗಿ ಕೂತಿತು.

“ನನ್ನ ಕೈ ಅವ್ವಾ. ನಾನ ಹೇಳಿ ಇಡಿಸೀನಿ. ಅವರದೇನೂ ತಪ್ಪಿಲ್ಲ.”

ಅವನು ಸುಳ್ಳು ಹೇಳುತ್ತಿದ್ದ. ಎಲ್ಲರ ಮುಂದೆ, ಅವಳಿಗಾಗಿ. ಹೇಮಾವತಿಗೆ ಆ ಸುಳ್ಳಿನ ಹಿಂದೆ ಅಡಗಿಕೊಂಡುಬಿಡಬೇಕು ಎನ್ನಿಸಿತು. ಆದರೆ ತಾನು ಮಾಡಿದ್ದನ್ನು ಅವನ ತಲೆಗೆ ಕಟ್ಟಿ ಹೋದರೆ ಇದಕ್ಕಿಂತ ಹೆಚ್ಚಿನ ನಾಚಿಕೆಯನ್ನು ಬದುಕಿಡೀ ಹೊರಬೇಕಾಗುತ್ತದೆ.

“ಅವರು ಹೇಳಿಲ್ರಿ,” ಎಂದಳು. “ಅವರಿಗೆ ಗೊತ್ತೇ ಇಲ್ಲ. ಹಸಿರಂಚು ನನ್ನ ಸೀರಿದು. ಮದುವಿ ಆದೋರ ಕೌದ್ಯಾಗ ಹಿಂಗ ಕಟ್ಟಿ ಇಡ್ತಾರ ನಮ್ಮ ಮನ್ಯಾಗ. ಯಾರೂ ಕೇಳಿದ್ದಿಲ್ಲ. ನಾನ ಇಟ್ಟೆ.” ಹರಿದ ಕುಷನ್ನನ್ನು ಕೆಳಗಿಟ್ಟಳು. “ವಾಪಸ್ ತಗೊಂಡು ಹೋಗಾಕ ಬಂದಿದ್ದೆ.”

ಹನುಮಣ್ಣ ಚಹಾದ ಕೊನೆಯ ಗುಟುಕನ್ನೂ ನಿಧಾನವಾಗಿ ಕುಡಿದು ಎದ್ದ. ಸಿಟ್ಟಿನ ಮನುಷ್ಯನಲ್ಲ. “ಬರ್ತೀವಿ ತಾಯಿ. ಚಾ ಚಲೋ ಇತ್ತು. ನಮ್ಮ ಕೂಸು ಇನ್ನೊಂದು ಮನಿ ಸೇರ್ತೈತಿ. ನಿಮ್ಮ ಮನ್ಯಾಗ ಆಗ್ಲೇ ಒಬ್ಬಾಕಿ ಬಂದು ಕುಂತಾಳ.”

ಹೇಮಾವತಿ ಎಲ್ಲರಿಗಿಂತ ಮೊದಲು ಹೊರಬಿದ್ದಳು. ಬಸ್ ಸ್ಟಾಪಿನವರೆಗೆ ಸೆರಗು ಮುಖದಿಂದ ತೆಗೆಯಲಿಲ್ಲ. ಧೂಳಿಗೆ ಎಂದುಕೊಂಡಿರಬೇಕು ನೋಡಿದವರು.

*

ಸುದ್ದಿ ಅವಳಿಗಿಂತ ಮುಂಚೆ ಸಂಡೂರು ಮುಟ್ಟಿತೋ ಏನೋ. ಆ ವಾರ ಒಬ್ಬಳು ಬಂದು ಕತ್ತರಿಸದ ಬಟ್ಟೆಯನ್ನು ವಾಪಸ್ ಕೇಳಿ ಒಯ್ದಳು. ಇನ್ನೊಬ್ಬಳು ಬಾಗಿಲಾಚೆಯಿಂದಲೇ ಕೇಳಿದಳು. ಹೇಮಾವತಿ ಮಿಷನ್ನಿಗೆ ಬಟ್ಟೆ ಮುಚ್ಚಿದಳು. ನೀರಿಗೆ ಹೋದರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

“ಮಾಡಿದ್ದಕ್ಕ ನಾಚ್ಕೊಂಡಿಯೋ, ಹೇಳಿದ್ದಕ್ಕ ನಾಚ್ಕೊಂಡಿಯೋ?” ಎಂದು ಜಂಬವ್ವ ಕೇಳಿದಳು.

“ಎರಡಕ್ಕೂ.”

“ಒಂದಕ್ಕ ಸಾಕು. ಹೇಳಿದ್ದು ಚಲೋನ ಮಾಡೀದಿ.”

ಅವನು ಬರಲಿಲ್ಲ ಎಂಬುದನ್ನು ಮಾತ್ರ ಹೇಮಾವತಿ ಅಜ್ಜಿಗೆ ಹೇಳಲಿಲ್ಲ. ಹೇಳುವುದೇನು, ಬರಲಿ ಎಂದು ಕಾಯುತ್ತಿದ್ದೇನೆ ಎಂಬುದಕ್ಕೂ ನಾಚಿಕೆ.

ಒಂದು ಸಂಜೆ ಎರ್ರೆಮ್ಮ ಒಳಗೆ ಬಂದಳು. ಹೇಮಾವತಿ ಗಡಬಡಿಸಿ ಎದ್ದಳು. ಎರ್ರೆಮ್ಮ ಹರಿದ ಕುಷನ್ನನ್ನು ಮಂಚದ ಮೇಲಿಟ್ಟಳು, ಜಂಬವ್ವನ ಪಕ್ಕ ಚಾಪೆಯ ಮೇಲೆ ಕೂತಳು.

“ಹೊಟ್ಟಿ ಖಾಲಿ ಬಿಟ್ಟು ಬಂದಿಯಲ್ಲವ್ವಾ. ಹಂಗ ಬಿಡಬಾರದು.” ಸೆರಗಿನ ತುದಿ ಬಿಚ್ಚಿದಳು. ಒಂದು ಹಿಡಿ ಭತ್ತ. “ಕಂಪ್ಲಿ ಕಡೆ ನಾವು ಜ್ವಾಳ ಹಾಕಂಗಿಲ್ಲ, ಭತ್ತ ಹಾಕ್ತೀವಿ. ನನ್ನ ಮದುವಿ ಕೌದ್ಯಾಗೂ ಇತ್ತು. ಆವತ್ತು ಎಲ್ಲಾರ ಮುಂದ ನನಗ ಅದು ನೆನಪಿಗೆ ಬರ್ಲಿಲ್ಲ ನೋಡು. ನೆನಪಾದ ಮ್ಯಾಲೆ ಭಾಳ ನಾಚಿಕಿ ಆತು.”

ಹೇಮಾವತಿ ಕುಷನ್ನಿನ ಹರಿದ ಮೂಲೆಯನ್ನು ಬೆರಳಲ್ಲಿ ಸವರಿದಳು.

“ಮಾಟ ಮಾಡೋರು ಇಷ್ಟು ಸಣ್ಣ ಹೊಲಿಗಿ ಹಾಕಂಗಿಲ್ಲ ಅಂತ ದುರ್ಗಕ್ಕಗೂ ಹೇಳಿದೆ. ಅಷ್ಟರಾಗ ಆಕಿ ಆ ಕೈ ಗುರುತಿನ ಅರಿವಿ ಒಯ್ದು ಉಪ್ಪು ಮೆಣಸಿನಕಾಯಿ ಜೋಡಿ ಸುಟ್ಟುಬಿಟ್ಟಿದ್ಲು. ಈಗ ಬ್ಯಾರೆ ಬೇಕಲ್ಲ.” ಬಾಗಿಲ ಕಡೆ ತಿರುಗಿದಳು. “ಒಳಗ ಬಾರಲೇ. ಹೊರಗ ನಿಂತು ಏನು ಕಾಯ್ತೀ?”

ಯಲ್ಲೇಶ್ ಬಂದ. ಶಿಫ್ಟಿನ ಬಟ್ಟೆ, ಕೂದಲ ತುಂಬ ಧೂಳು. ಎರಡೂ ಕೈ ಬೆನ್ನ ಹಿಂದೆ. ಜಂಬವ್ವ ಎದ್ದು ಎರ್ರೆಮ್ಮನನ್ನು ಕರೆದುಕೊಂಡು ಚಹಾದ ನೆಪದಲ್ಲಿ ಒಳಗೆ ಹೋದಳು.

“ಸುಳ್ಳು ಹೇಳಿದ್ದಕ್ಕ ನನಗ ನಾಚಿಕಿ ಆಗಿಲ್ರಿ,” ಎಂದ ಅವನು. “ಪರದೆ ಗಿಡ್ಡ ಆಗೈತಿ, ಉದ್ದ ಆಗೈತಿ ಅಂತ ಹತ್ತು ಸುಳ್ಳು ಹೇಳೀನಿ ನಿಮಗ. ಹನ್ನೊಂದನೇದು ಅದು. ಆದ್ರ ನೀವು ಎಲ್ಲಾರ ಮುಂದ ಬಾಯಿಬಿಟ್ಟು ಹೇಳಿದ್ರಿ. ನಾನು ಗಂಡಸು ಆಗಿ, ಅವ್ವನ ಮುಂದ ನಿಮ್ಮ ಹೆಸರು ಹೇಳಾಕ ಅಂಜಿ ನಿಂತಿದ್ದೆ. ಅದಕ್ಕ ಇಷ್ಟು ದಿನ ಮುಖ ತೋರಿಸಾಕ ಆಗ್ಲಿಲ್ಲ.”

“ಯಾಕ ಅಂಜಿದ್ರಿ?”

“ಈ ಕೈ ನೋಡಿದ್ರ ಯಾರು ಒಪ್ತಾರ ಅಂತ.”

“ಅಜ್ಜೀನೂ ನನ್ನ ಜೋಡಿ ಬರ್ತಾಳ,” ಎಂದಳು ಹೇಮಾವತಿ ಥಟ್ಟನೆ. ಈ ಮಾತಿಗೇ ಗಂಡಿನವರೆಲ್ಲ ಎದ್ದು ಹೋಗಿದ್ದು.

“ಅವ್ವ ಆಗ್ಲೇ ಕೌದಿಗೆ ಹಳೇ ಸೀರಿ ಆರಿಸಿ ಇಟ್ಟಾಳ, ಅಜ್ಜಿ ಜೋಡಿ ಕೂಡಿ ಹೊಲ್ಯಾಕ.”

ಹೇಮಾವತಿ ಮಿಷನ್ನಿನ ಮೇಲಿನ ಬಟ್ಟೆ ತೆಗೆದಳು. ಡ್ರಾಯರಿನಲ್ಲಿ ಹಾಲುಬಣ್ಣದ ತುಂಡೊಂದು ಉಳಿದಿತ್ತು. ಅದನ್ನು ಮಂಚದ ಮೇಲೆ ಹರವಿ, ಸುಕ್ಕು ಬಿಡಿಸಿ, ಅವನತ್ತ ನೋಡಿದಳು. ಈ ಸಲ ಕಣ್ಣು ಕೆಳಗಿಳಿಸಲಿಲ್ಲ.

“ಇಡ್ರಿ.”

ಅವನು ಬೆನ್ನ ಹಿಂದಿನಿಂದ ಕೈ ತೆಗೆದ. ಅಂಗೈ, ಬೆರಳು, ಉಗುರು ಎಲ್ಲ ಕೆಂಪು. “ತೊಳೀದ ಕೈ ಹೆಂಗಿರ್ತಾವ ಅಂತ ಕೇಳಿದ್ರಲ್ಲ ಆವತ್ತು. ಹಿಂಗಿರ್ತಾವ.”

ಆದರೂ ಬಟ್ಟೆಯ ಮೇಲೆ ಕೈಯನ್ನು ತಾಗಿಯೂ ತಾಗದ ಹಾಗೆ ಇಟ್ಟ. ಅಷ್ಟಕ್ಕೆ ಗುರುತು ಮೂಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತನ್ನ ಅಂಗೈಯನ್ನು ಅವನ ಕೈಯ ಮೇಲಿಟ್ಟು ಒತ್ತಿದಳು. ಇಬ್ಬರೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

ಒಳಗಿನಿಂದ ಚಹಾ ಬಂದಾಗ ಹೇಮಾವತಿ ಕೆಂಪು ಹತ್ತಿದ ಬಲಗೈಯನ್ನು ಬೆನ್ನ ಹಿಂದೆ ಮಾಡಿಕೊಂಡು ಎಡಗೈಯಲ್ಲಿ ಲೋಟ ಹಿಡಿದಳು. ಜಂಬವ್ವ ನೋಡಿದಳು, ಎರ್ರೆಮ್ಮ ನೋಡಿದಳು. ಕೈಗೇನಾಯಿತು ಎಂದು ಇಬ್ಬರೂ ಕೇಳಲಿಲ್ಲ.